ಹುಬ್ಬಳ್ಳಿ-ಧಾರವಾಡದಿಂದ ಇಬ್ಬರೇ ದ್ವೀಪಕ್ಕೆ ಹೋಗುವುದು ಹೇಗೆ: ಮೊದಲು ದೋಣಿ, ಆಮೇಲೆ ರೂಮು, ಕೊನೆಗೆ ಬಸ್ಸು

ನಮ್ಮ ಪರಿಚಯದ ಐದಾರು ಜೋಡಿಗಳು ಕರಾವಳಿಗೆ ಹೋಗಿ ದ್ವೀಪ ನೋಡದೆ ವಾಪಸ್ ಬಂದಿದ್ದಾರೆ. ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ ಕಥೆ. ರಜೆ ಸಿಕ್ಕಿತು, ರೂಮು ಬುಕ್ ಮಾಡಿದರು, ಶುಕ್ರವಾರ ರಾತ್ರಿ ಬಸ್ ಹತ್ತಿದರು, ಶನಿವಾರ ಬೆಳಿಗ್ಗೆ ಮಲಗಿ ಎದ್ದು ಊಟ ಮುಗಿಸಿ ಮಧ್ಯಾಹ್ನ ಎರಡಕ್ಕೆ ದೋಣಿ ಹತ್ತುವ ಧಕ್ಕೆಗೆ ಹೋದರು. ಅಲ್ಲಿ "ಇವತ್ತು ಗಾಳಿ ಜಾಸ್ತಿ, ದೋಣಿ ಬಿಡೋದಿಲ್ಲ" ಅಂದರು. ಭಾನುವಾರ ವಾಪಸ್ ಬಸ್ ಇತ್ತು. ಮುಗಿಯಿತು.

ನಾನೂ ನಮ್ಮ ಮನೆಯವರೂ ಧಾರವಾಡದವರು. ಮೊದಲ ಸಲ ನಮಗೂ ಹೀಗೇ ಆಯಿತು. ಆಮೇಲೆ ಕಾರವಾರದಿಂದ ಮಲ್ಪೆಯವರೆಗೆ ತುಂಡು ತುಂಡಾಗಿ ಹಲವು ಸಲ ಓಡಾಡಿದ್ದೇವೆ. ಅದರಿಂದ ಕಲಿತದ್ದು ಇಷ್ಟೇ: ರೂಮಿನಿಂದ ಶುರು ಮಾಡಿ ದೋಣಿಗೆ ಬಂದರೆ ಕೆಲಸ ಕೆಡುತ್ತದೆ. ದೋಣಿಯಿಂದ ಶುರು ಮಾಡಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಹಿಂದೆ ಮುಂದೆ ಮಾಡಬೇಡಿ.

ಹಂತ 1: ತಿಂಗಳು ಆರಿಸಿ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಸಮುದ್ರ ಶಾಂತ, ಬಿಸಿಲೂ ತಡೆಯುವಂಥದ್ದು. ಅಕ್ಟೋಬರ್‌ನಲ್ಲಿ ಹೋಗಬಹುದು, ಆದರೆ ಮಳೆ ಬಂದರೆ ಪ್ಲಾನ್ ಬದಲಿಸುವ ಮನಸ್ಸು ಇರಬೇಕು. ಮಾರ್ಚ್‌ನಿಂದ ಮೇ ತನಕ ದೋಣಿ ಇರುತ್ತದೆ, ಆದರೆ ಹತ್ತು ಗಂಟೆಯ ಮೇಲೆ ದ್ವೀಪದ ಕಲ್ಲಿನ ಮೇಲೆ ನಿಲ್ಲಲು ಆಗುವುದಿಲ್ಲ. ನಮ್ಮ ಕಡೆಯ ಒಣ ಬಿಸಿಲಿಗೆ ಒಗ್ಗಿದವರಿಗೆ ಆ ಬೆವರಿನ ಸೆಕೆ ಬೇರೆಯೇ ಕಷ್ಟ.

ಜೂನ್‌ನಿಂದ ಸೆಪ್ಟೆಂಬರ್ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ, ಪ್ರವಾಸಿಗರ ದೋಣಿಗಳೂ ಮಳೆಗಾಲದಲ್ಲಿ ನಿಂತಿರುತ್ತವೆ. "ಮಳೆಯಲ್ಲಿ ಸಮುದ್ರ ಚಂದ" ಅನ್ನುವವರು ದಂಡೆಯಲ್ಲಿ ನಿಂತು ನೋಡಿ ಬರಲಿ, ತಪ್ಪಿಲ್ಲ, ಆದರೆ ಅದು ದ್ವೀಪದ ಪ್ರವಾಸ ಅಲ್ಲ. ದಾರಿಯದ್ದೂ ಯೋಚನೆ ಬೇಕು. 2024ರ ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು, ಜನ ತೀರಿಕೊಂಡರು. ಅದೇ ಆಗಸ್ಟ್ 7ರಂದು ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಎರಡೂ ಮಳೆಗಾಲದಲ್ಲೇ ಆದದ್ದು.

ಹಂತ 2: ಒಂದೇ ದ್ವೀಪ ಆರಿಸಿ

ಎರಡನೇ ದೊಡ್ಡ ತಪ್ಪು ಇಲ್ಲಿ ಆಗುತ್ತದೆ. ಮೂರು ದಿನದಲ್ಲಿ ಕಾರವಾರ, ಗೋಕರ್ಣ, ಮುರ್ಡೇಶ್ವರ, ಮಲ್ಪೆ ಎಲ್ಲ ಹಾಕಿಕೊಳ್ಳುತ್ತಾರೆ. ಕಾರವಾರದಿಂದ ಉಡುಪಿಗೇ ಸುಮಾರು 200 ಕಿ.ಮೀ. ಇದೆ. ಗಾಡಿಯಲ್ಲಿ ಕೂತು ಕಿಟಕಿಯಿಂದ ಸಮುದ್ರ ನೋಡಿದ ಹಾಗಾಗುತ್ತದೆ. ಒಂದು ಪ್ರವಾಸಕ್ಕೆ ಒಂದು ದ್ವೀಪ, ಅದರ ಅಕ್ಕಪಕ್ಕದ ಒಂದು ದಂಡೆ. ಅಷ್ಟು ಸಾಕು.

ಕಾರವಾರದ ಕೂರ್ಮಗಡ: ನಮಗೆ ಎಲ್ಲಕ್ಕಿಂತ ಹತ್ತಿರ ಇದೇ. ಹುಬ್ಬಳ್ಳಿಯಿಂದ ಕಾರವಾರ ಸುಮಾರು 165 ಕಿ.ಮೀ. ದ್ವೀಪದ ಮೇಲೆ ನರಸಿಂಹ ದೇವಸ್ಥಾನ ಇದೆ. ಜನವರಿ ಸುಮಾರಿಗೆ ಜಾತ್ರೆ ಆಗುತ್ತದೆ, ಆ ದಿನ ದೋಣಿಗಳು ಸಾಲಾಗಿ ಹೋಗುತ್ತವೆ. ಜಾತ್ರೆ ನೋಡಬೇಕು ಅಂದರೆ ಆ ದಿನವೇ ಹೋಗಿ, ಇಬ್ಬರೇ ಸುಮ್ನೆ ಕೂರಬೇಕು ಅಂದರೆ ಆ ವಾರ ಬಿಟ್ಟುಬಿಡಿ. ಅಲ್ಲೇ ಇರುವ ಅಂಜುದೀವ್ ದ್ವೀಪಕ್ಕೆ ಕರೆದುಕೊಂಡು ಹೋಗಿ ಅಂತ ಯಾರನ್ನೂ ಕೇಳಬೇಡಿ, ಅದು ನೌಕಾಪಡೆಯ ಜಾಗ. ಆ ಕಡೆ ಫೋನ್ ಹಿಡಿದು ಫೋಟೋ ತೆಗೆಯುವುದೂ ಬೇಡ.

ಮುರ್ಡೇಶ್ವರದ ನೇತ್ರಾಣಿ: ದಂಡೆಯಿಂದ ಸುಮಾರು 19 ಕಿ.ಮೀ. ಒಳಗೆ. ಇಲ್ಲಿಗೆ ಹೋಗುವುದು ದ್ವೀಪದ ಮೇಲೆ ತಿರುಗಾಡಲು ಅಲ್ಲ, ಸುತ್ತಲಿನ ನೀರಿನಲ್ಲಿ ಸ್ಕೂಬಾ ಮಾಡಲು, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ಕೆಳಗೆ ಮುಳುಗಲು. "ನಾನು ನೀರಿಗೆ ಇಳಿಯುವುದಿಲ್ಲ, ದೋಣಿಯಲ್ಲೇ ಕೂರುತ್ತೇನೆ" ಅನ್ನುವವರಿಗೆ ಇದು ಸರಿಯಲ್ಲ. ನಿಂತ ದೋಣಿ ಓಡುವ ದೋಣಿಗಿಂತ ಜಾಸ್ತಿ ತೂಗಾಡುತ್ತದೆ, ಹೊಟ್ಟೆ ತೊಳಸುವುದು ಆಗಲೇ.

ಮಲ್ಪೆಯ ಸೇಂಟ್ ಮೇರೀಸ್: ದೂರ ಜಾಸ್ತಿ, ಆದರೆ ಮೊದಲ ಸಲ ಹೋಗುವ ಜೋಡಿಗೆ ನಾನು ಹೇಳುವುದು ಇದನ್ನೇ. ದಂಡೆಯಿಂದ ಸುಮಾರು 6 ಕಿ.ಮೀ. ಅಷ್ಟೇ, ದೋಣಿಗಳು ದೊಡ್ಡವು, ಜನ ಇರುತ್ತಾರೆ. ಲಾವಾ ತಣ್ಣಗಾಗಿ ಆದ ಕಂಬದಂಥ ಕಲ್ಲುಗಳು ಇಲ್ಲಿಯ ವಿಶೇಷ. ಅವು ಸುಮಾರು 8.8 ಕೋಟಿ ವರ್ಷ ಹಳೆಯವು. ರಾತ್ರಿ ಉಳಿಯಲು ಬಿಡುವುದಿಲ್ಲ.

ಆಯ್ಕೆ ಮಾಡುವಾಗ ಒಂದು ನಿಯಮ ಇಟ್ಟುಕೊಳ್ಳಿ. ಇಬ್ಬರಲ್ಲಿ ಯಾರಿಗೆ ನೀರಿನ ಭಯ ಜಾಸ್ತಿಯೋ, ಯಾರಿಗೆ ಬೇಗ ವಾಂತಿ ಬರುತ್ತದೋ, ಅವರಿಗೆ ಹೊಂದುವ ದ್ವೀಪ ಆರಿಸಿ. ನಮ್ಮ ಮನೆಯವರು ಒಂದು ಸಲ "ನೀ ಇಲ್ಲೇ ಕೂಡು, ನಾ ಒಬ್ಬನ ಹೋಗಿ ಬರ್ತೀನಿ" ಅಂದಿದ್ದರು. ನಾನು ನಾಲ್ಕು ತಾಸು ಧಕ್ಕೆಯ ಮೇಲೆ ಎರಡು ಚೀಲ ಕಾಯುತ್ತಾ ಕೂತೆ. ಇಬ್ಬರೂ ಕೂಡಿ ಹೋಗದಿದ್ದರೆ ಅದು ಜೋಡಿ ಪ್ರವಾಸ ಹೇಗಾಗುತ್ತದೆ, ಅಲ್ವಾ?

ಹಂತ 3: ಪಂಚಾಂಗ, ಉಬ್ಬರ-ಇಳಿತ ನೋಡಿ ದಿನ ಗೊತ್ತು ಮಾಡಿ

ಬಯಲುಸೀಮೆಯವರು ನಾವು ಮರೆಯುವುದು ಇದನ್ನೇ. ಕೆರೆಯ ನೀರು ಇದ್ದಲ್ಲೇ ಇರುತ್ತದೆ, ಸಮುದ್ರದ್ದು ಹಾಗಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರದಿಂದ ಇಳಿತಕ್ಕೆ ಹೆಚ್ಚು ಕಡಿಮೆ ಆರು ತಾಸು. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಂದರೆ ಇವತ್ತು ಬೆಳಿಗ್ಗೆ ಎಂಟಕ್ಕೆ ಉಬ್ಬರ ಇದ್ದರೆ ನಾಳೆ ಒಂಬತ್ತರ ಹತ್ತಿರ. ಒಂದು ವಾರ ಬಿಟ್ಟು ಅದೇ ಎಂಟು ಗಂಟೆಗೆ ನೋಡಿದರೆ ನೀರು ಇಳಿದಿರುತ್ತದೆ. ಹಾಗಾಗಿ "ಹೋದ ತಿಂಗಳು ನಮ್ಮ ಅಣ್ಣ ಹೋದಾಗ ದಂಡೆ ಇಷ್ಟಗಲ ಇತ್ತು" ಅನ್ನುವ ಮಾತು ನಿಮ್ಮ ದಿನಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ಅಮಾವಾಸ್ಯೆ, ಹುಣ್ಣಿಮೆ ಸುತ್ತಮುತ್ತ ಏರಿಳಿತ ಜಾಸ್ತಿ. ಅಷ್ಟಮಿ ಸುತ್ತಮುತ್ತ ಕಡಿಮೆ. ಮನೆಯ ಗೋಡೆಯ ಕ್ಯಾಲೆಂಡರ್ ಸಾಕು, ಅಷ್ಟಮಿಯ ಆಚೀಚೆ ಎರಡು ದಿನ ಹಿಡಿದರೆ ನೀರಿನ ಎಳೆತ ಕಡಿಮೆ ಇರುತ್ತದೆ. ಗಂಟೆ ಗಂಟೆಯ ಲೆಕ್ಕಕ್ಕೆ ಫೋನಿನಲ್ಲಿ ಉಬ್ಬರ-ಇಳಿತ ತೋರಿಸುವ ಆ್ಯಪ್‌ಗಳಿವೆ. ಅದರಲ್ಲಿ ಕಾರವಾರ ಅಥವಾ ಮಲ್ಪೆ ಅಂತ ಹಾಕಿ ನೋಡಿ. ಗಾಳಿ, ಅಲೆಯ ಎತ್ತರಕ್ಕೆ ಕೇಂದ್ರ ಸರ್ಕಾರದ ಇನ್‌ಕಾಯಿಸ್ (INCOIS) ಸಂಸ್ಥೆಯ ಮುನ್ಸೂಚನೆ ನೋಡಬಹುದು, ಅದು ಮೀನುಗಾರರಿಗಾಗಿಯೇ ಕೊಡುವಂಥದ್ದು.

ಅಳಿವೆಯ ಬಗ್ಗೆ ಒಂದು ಮಾತು. ನದಿ ಸಮುದ್ರ ಸೇರುವ ಜಾಗಕ್ಕೆ ಕರಾವಳಿಯಲ್ಲಿ ಅಳಿವೆ ಅನ್ನುತ್ತಾರೆ. ಕಾರವಾರದ ಕಾಳಿ, ಹೊನ್ನಾವರದ ಶರಾವತಿ, ಎರಡಕ್ಕೂ ಅಳಿವೆ ಇದೆ. ನೀರು ಇಳಿಯುವ ಹೊತ್ತಿಗೆ ನದಿ ಹೊರಗೆ ತಳ್ಳುತ್ತದೆ, ಸಮುದ್ರದ ಅಲೆ ಒಳಗೆ ಬರುತ್ತದೆ. ಎರಡೂ ಡಿಕ್ಕಿ ಹೊಡೆದು ಅಲೆ ಕಡಿದಾಗಿ ಏಳುತ್ತದೆ, ಮೇಲೆ ಮರಳಿನ ದಿಬ್ಬ ಬೇರೆ. ಸಣ್ಣ ದೋಣಿಯವರು "ನೀರು ಏರಲಿ, ಆಮೇಲೆ ಹೋಗೋಣ" ಅಂದರೆ ಅದಕ್ಕೇ. ಒತ್ತಾಯ ಮಾಡಬೇಡಿ, ಜಾಸ್ತಿ ದುಡ್ಡು ಕೊಡುತ್ತೇವೆ ಅಂತಲೂ ಅನ್ನಬೇಡಿ.

ಹಂತ 4: ದೋಣಿಯವರ ಜೊತೆ ಮಾತಾಡಿ

ದಿನ ಗೊತ್ತಾದ ಮೇಲೆ ಫೋನ್ ಮಾಡಿ. ಕೇಳಬೇಕಾದದ್ದು ಇವು. ಮೊದಲ ದೋಣಿ ಎಷ್ಟು ಗಂಟೆಗೆ? ಕೊನೆಯ ದೋಣಿ ದ್ವೀಪದಿಂದ ಎಷ್ಟಕ್ಕೆ ಹೊರಡುತ್ತದೆ? ಎಷ್ಟು ಜನ ಸೇರಿದರೆ ಬಿಡುತ್ತೀರಿ? ಗಾಳಿ ಎದ್ದು ನಿಂತರೆ ಮುಂಗಡ ವಾಪಸ್ಸೋ, ಮರುದಿನಕ್ಕೋ? ಲೈಫ್ ಜಾಕೆಟ್ ಎಲ್ಲರಿಗೂ ಇದೆಯಾ?

ಇಬ್ಬರೇ ಹೋಗುವವರಿಗೆ ಮೂರನೇ ಪ್ರಶ್ನೆ ಬಹಳ ಮುಖ್ಯ. ದೋಣಿ ತುಂಬದೆ ಹೊರಡುವುದಿಲ್ಲ. ವಾರದ ನಡುವೆ ಹೋದರೆ ದಂಡೆ ಖಾಲಿ, ಆದರೆ ದೋಣಿಗೆ ಜನ ಸೇರುವ ತನಕ ಕಾಯಬೇಕು, ಇಲ್ಲವಾದರೆ ಇಡೀ ದೋಣಿಯ ಬಾಡಿಗೆ ನಿಮ್ಮ ಮೇಲೆ. ಶನಿವಾರ-ಭಾನುವಾರ ದೋಣಿ ಬೇಗ ತುಂಬುತ್ತದೆ, ದ್ವೀಪವೂ ತುಂಬಿರುತ್ತದೆ. ನಾವು ಈಗ ಶುಕ್ರವಾರ ಬೆಳಿಗ್ಗೆ ಹಿಡಿಯುತ್ತೇವೆ. ಗುರುವಾರ ಊರು ಬಿಟ್ಟು ಭಾನುವಾರ ವಾಪಸ್. ಒಂದೆರಡು ದಿನ ಸಿಎಲ್ ಹೋಗುತ್ತದೆ, ಹೋಗಲಿ.

ಮುಂಗಡ ಪೂರ್ತಿ ಕೇಳಿದರೆ, ರಸೀದಿ ಇಲ್ಲ ಅಂದರೆ, "ಯಾವ ದಿನ ಬಂದರೂ ದೋಣಿ ಗ್ಯಾರಂಟಿ" ಅಂದರೆ ಬಿಟ್ಟುಬಿಡಿ. ಸಮುದ್ರದ ಮೇಲೆ ಗ್ಯಾರಂಟಿ ಕೊಡುವವರು ಸಮುದ್ರಕ್ಕೆ ಹೋಗುವವರಲ್ಲ. ನಮ್ಮಿಂದ ಒಬ್ಬರು ಹೀಗೇ ದುಡ್ಡು ಹಾಕಿಸಿಕೊಂಡು ಆ ದಿನ ಫೋನೇ ಎತ್ತಲಿಲ್ಲ.

ಹಂತ 5: ಈಗ ರೂಮು

ದೋಣಿಯ ಹಿಂದಿನ ರಾತ್ರಿ ಧಕ್ಕೆಯ ಹತ್ತಿರವೇ ಇರಬೇಕು. ಗೋಕರ್ಣದಲ್ಲಿ ರೂಮು ಮಾಡಿ ಬೆಳಿಗ್ಗೆ ಮುರ್ಡೇಶ್ವರಕ್ಕೆ ಓಡುವುದು ಬೇಡ. ದೋಣಿಯ ದಿನದ ರಾತ್ರಿಗೂ ಅಲ್ಲೇ ರೂಮು ಇಟ್ಟುಕೊಳ್ಳಿ. ಇದು ಮೀಸಲು ದಿನ. ಮೊದಲ ದಿನ ಗಾಳಿ ಎದ್ದರೆ ಎರಡನೇ ಬೆಳಿಗ್ಗೆ ಹೋಗಬಹುದು. ಮೊದಲ ದಿನವೇ ದ್ವೀಪ ಆಗಿಬಿಟ್ಟರೆ ಎರಡನೇ ದಿನ ದಂಡೆಗೆ. ಈ ಒಂದು ರಾತ್ರಿ ಉಳಿಸಲು ಹೋಗಿಯೇ ಜಾಸ್ತಿ ಜನ ದ್ವೀಪ ತಪ್ಪಿಸಿಕೊಳ್ಳುವುದು.

ಇಬ್ಬರ ಆಧಾರ್ ಕಾರ್ಡೂ ಮೂಲ ಪ್ರತಿ ಇಟ್ಟುಕೊಳ್ಳಿ. ಒಬ್ಬರದ್ದು ಸಾಕು ಅಂದುಕೊಂಡು ಹೋಗಿ ರಾತ್ರಿ ಒಂಬತ್ತಕ್ಕೆ ಕೌಂಟರ್ ಮುಂದೆ ನಿಂತವರನ್ನು ನೋಡಿದ್ದೇನೆ. ಹೊಸದಾಗಿ ಮದುವೆಯಾದವರ ಕಾರ್ಡಿನಲ್ಲಿ ವಿಳಾಸ ಬೇರೆ ಬೇರೆ ಇರುತ್ತದೆ, ಬುಕ್ ಮಾಡುವಾಗಲೇ ಹೇಳಿಬಿಡಿ. ಮುರ್ಡೇಶ್ವರಕ್ಕೆ ಸೋಮವಾರ, ಶಿವರಾತ್ರಿ ಆಸುಪಾಸು ಬೇಡ, ದೇವಸ್ಥಾನದ ಜನ ಜಾಸ್ತಿ.

ಹಂತ 6: ಘಟ್ಟ ಇಳಿಯುವುದು

ಹುಬ್ಬಳ್ಳಿಯಿಂದ ಅಂಕೋಲಾ ಕಡೆಗೆ ನೇರ ರೈಲು ಮಾರ್ಗ ಇಲ್ಲ. ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಇದೇ ನಮ್ಮ ದಾರಿ. ಅಂಕೋಲಾದಲ್ಲಿ ಬಲಕ್ಕೆ ಹೋದರೆ ಕಾರವಾರ, ಎಡಕ್ಕೆ ಹೋದರೆ ಗೋಕರ್ಣ, ಕುಮಟಾ, ಹೊನ್ನಾವರ. ಗದಗದವರು ಹುಬ್ಬಳ್ಳಿಗೆ ಬಂದು ಇದೇ ಬಸ್ ಹಿಡಿಯಬೇಕು. ಹಾವೇರಿಯವರಿಗೆ ಹಾನಗಲ್, ಶಿರಸಿ ಮೇಲೆ ದೇವಿಮನೆ ಘಟ್ಟ ಇಳಿದು ಕುಮಟಾ ಸೇರುವುದು ಹತ್ತಿರ. ಆ ಘಟ್ಟದ ರಸ್ತೆ ಕೆಲಸಕ್ಕೆ ಆಗಾಗ ಮುಚ್ಚಿದ್ದಾರೆ, ಹೊರಡುವ ಮುಂಚೆ ಶಿರಸಿ ಬಸ್ ನಿಲ್ದಾಣದಲ್ಲಿ ಕೇಳಿಕೊಳ್ಳಿ. ಘಟ್ಟ ಇಳಿದ ಮೇಲೆ ಊರಿಂದೂರಿಗೆ ಕೊಂಕಣ ರೈಲು ಅನುಕೂಲ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಮುರ್ಡೇಶ್ವರ, ಉಡುಪಿ, ಎಲ್ಲ ಕಡೆ ನಿಲ್ದಾಣ ಇದೆ. ಆದರೆ ಕೆಲವು ನಿಲ್ದಾಣ ಊರಿನಿಂದ ದೂರ, ಆಟೋ ಲೆಕ್ಕ ಇಟ್ಟುಕೊಳ್ಳಿ.

ಹೆಂಗಸರಿಗೆ 2023ರ ಜೂನ್‌ನಿಂದ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಉಚಿತ, ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ತೋರಿಸಬೇಕು. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇದು ಇಲ್ಲ.

ಹಗಲು ಬಸ್ಸಿಗೇ ಹೋಗಿ. ರಾತ್ರಿ ಬಸ್ ಹೊತ್ತಲ್ಲದ ಹೊತ್ತಿನಲ್ಲಿ ಇಳಿಸುತ್ತದೆ, ನಿದ್ದೆ ಇಲ್ಲದ ಮೈ ದೋಣಿಯಲ್ಲಿ ಕೈ ಕೊಡುತ್ತದೆ. ಜೊತೆಗೆ ಅರಬೈಲ್ ಘಟ್ಟದ ಕಾಡು ನೋಡದೆ ಹೋಗುವುದು ನಷ್ಟ.

ಹಂತ 7: ಚೀಲ

ಇಬ್ಬರಿಗೂ ಸೇರಿ ಒಂದು ದೊಡ್ಡ ಚೀಲ ರೂಮಿನಲ್ಲಿ, ದೋಣಿಗೆ ಒಂದು ಸಣ್ಣ ಬೆನ್ನುಚೀಲ. ಕೈಚೀಲ, ಸೂಟ್‌ಕೇಸ್ ದೋಣಿಗೆ ಬೇಡ, ಹತ್ತುವಾಗ ಎರಡೂ ಕೈ ಖಾಲಿ ಇರಬೇಕು. ಫೋನಿಗೆ ನೀರು ಹೋಗದ ಕವರ್, ಅದು ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಕವರ್ ಎರಡು ಪದರ ಹಾಕಿ ಗಂಟು. ಹಿಂದೆ ಪಟ್ಟಿ ಇರುವ ಚಪ್ಪಲಿ. ಹವಾಯಿ ಚಪ್ಪಲಿ ಕಲ್ಲಿನ ಮೇಲೆ ಜಾರುತ್ತದೆ, ಅಲೆ ಬಂದರೆ ಕಿತ್ತುಕೊಂಡು ಹೋಗುತ್ತದೆ. ಕಲ್ಲಿಗೆ ಅಂಟಿದ ಚಿಪ್ಪುಗಳು ಬ್ಲೇಡಿನ ಹಾಗೆ, ಬರಿಗಾಲು ಬೇಡವೇ ಬೇಡ. ಸೀರೆಗಿಂತ ಚೂಡಿದಾರ್ ಅನುಕೂಲ, ಬೇಗ ಒಣಗುವ ಬಟ್ಟೆ ಇನ್ನೂ ಒಳ್ಳೆಯದು. ಟೊಪ್ಪಿಗೆ, ಎರಡು ಲೀಟರ್ ನೀರು, ಸ್ವಲ್ಪ ನಗದು.

ಬುತ್ತಿಯ ವಿಷಯ. ನಾವು ಎಲ್ಲಿಗೆ ಹೋದರೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುವವರು. ಕರಾವಳಿಯ ಗಾಳಿಗೆ ಖಡಕ್ ರೊಟ್ಟಿ ಒಂದೇ ರಾತ್ರಿಗೆ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಡಿ, ಊಟಕ್ಕೆ ಬೇಕಾದಷ್ಟೇ ತೆಗೆದು ತಕ್ಷಣ ಮುಚ್ಚಿ.

ಹಂತ 8: ದೋಣಿಯ ಬೆಳಿಗ್ಗೆ

ಮೊದಲ ದೋಣಿಗೇ ಹೋಗಿ. ಬಿಸಿಲು ಏರಿ ನೆಲ ಕಾದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಶುರುವಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀರು ಕುಣಿಯುತ್ತದೆ. ಬೆಳಿಗ್ಗೆ ಅದೇ ನೀರು ಹಾಸಿಗೆಯ ಹಾಗೆ ಇರುತ್ತದೆ. ಮಧ್ಯಾಹ್ನ ಎರಡಕ್ಕೆ ಧಕ್ಕೆಗೆ ಹೋದವರಿಗೆ ದೋಣಿ ಸಿಗದಿದ್ದರೆ ಕಾರಣ ಇದೇ.

ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಇಡ್ಲಿ ಅಥವಾ ಸ್ವಲ್ಪ ಅವಲಕ್ಕಿ. ವಾಂತಿ ಮಾತ್ರೆ ಬೇಕಿದ್ದರೆ ಊರಲ್ಲೇ ಡಾಕ್ಟರರನ್ನು ಕೇಳಿ ತಂದಿಟ್ಟುಕೊಂಡು, ಹತ್ತುವ ಅರ್ಧ-ಮುಕ್ಕಾಲು ತಾಸು ಮುಂಚೆಯೇ ತೆಗೆದುಕೊಳ್ಳಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಉಪಯೋಗ ಕಡಿಮೆ. ದೋಣಿಯ ನಡುವೆ ಅಥವಾ ಹಿಂದೆ ಕೂತು ದೂರದ ಬಾನಂಚು ನೋಡಿ, ಫೋನ್ ನೋಡಬೇಡಿ.

ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಒಬ್ಬರು ಇನ್ನೊಬ್ಬರ ಹೆಗಲ ಹತ್ತಿರ ಹಿಡಿದು ಮೇಲೆ ಎತ್ತಿ ನೋಡಿ. ಜಾಕೆಟ್ ಕಿವಿಯ ತನಕ ಬಂದರೆ ಸಡಿಲ ಇದೆ ಅಂತ ಅರ್ಥ, ಪಟ್ಟಿ ಬಿಗಿ ಮಾಡಿ. ಬಕಲ್ ಮುರಿದಿದ್ದರೆ ಬೇರೆ ಕೇಳಿ. ಸಂಕೋಚ ಬೇಡ.

ಹತ್ತದೆ ವಾಪಸ್ ಬರಬೇಕಾದ ಸೂಚನೆಗಳು: ಮೀನುಗಾರರ ದೋಣಿಗಳೇ ಹೊರಟಿಲ್ಲ, ದೂರದ ನೀರಿನ ಮೇಲೆ ಬಿಳಿ ನೊರೆ ಕಾಣುತ್ತಿದೆ, ಪಡುವಣ ಕಪ್ಪಾಗಿದೆ, ದೋಣಿಗೆ ಮಿತಿ ಮೀರಿ ಜನ ತುಂಬುತ್ತಿದ್ದಾರೆ. ಇದರಲ್ಲಿ ಒಂದಿದ್ದರೂ ಮೀಸಲು ದಿನ ಬಳಸಿ.

ಹಂತ 9: ದ್ವೀಪದ ಮೇಲೆ, ದಂಡೆಯ ಮೇಲೆ

ಇಳಿದ ಕೂಡಲೇ ವಾಪಸ್ ದೋಣಿಯ ಹೊತ್ತು ಇನ್ನೊಮ್ಮೆ ಕೇಳಿ ಇಬ್ಬರ ಫೋನಿನಲ್ಲೂ ಅಲಾರಂ ಇಡಿ. ಒದ್ದೆ ಕಲ್ಲು, ಒಣ ಕಲ್ಲಿನ ಗೆರೆ ನೋಡಿ. ಒದ್ದೆ ಇರುವಲ್ಲಿಗೆ ಅಲೆ ಬಂದು ಹೋಗಿದೆ, ಮತ್ತೆ ಬರುತ್ತದೆ. ಸೆಲ್ಫಿಗೆ ಆ ಗೆರೆ ದಾಟಬೇಡಿ, ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ.

ನೀರಿಗೆ ಇಳಿಯುವುದಾದರೆ ಜೀವರಕ್ಷಕರು ಇರುವಲ್ಲಿ ಮಾತ್ರ, ಕೆಂಪು ಬಾವುಟ ಇದ್ದರೆ ಇಲ್ಲ. ದಂಡೆಯಲ್ಲಿ ಎಲ್ಲ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಂಡರೆ ಅದು ಒಳ್ಳೆಯ ಜಾಗ ಅಂತ ಎಲ್ಲರೂ ಅಲ್ಲೇ ಇಳಿಯುತ್ತಾರೆ. ಅದೇ ಅಪಾಯದ ಜಾಗ. ಬಂದ ನೀರು ಸಮುದ್ರಕ್ಕೆ ವಾಪಸ್ ಹೋಗುವ ದಾರಿ ಅದು. ಸಿಕ್ಕಿಕೊಂಡರೆ ದಂಡೆಯ ಕಡೆ ಈಜಲು ಹೋಗಬೇಡಿ, ದಂಡೆಗೆ ಸಮನಾಗಿ ಅಡ್ಡ ಈಜಿ, ಎಳೆತ ತಪ್ಪಿದ ಮೇಲೆ ಒಳಗೆ ಬನ್ನಿ. ಈಜು ಬಾರದಿದ್ದರೆ ತೇಲುತ್ತಾ ಕೈ ಎತ್ತಿ ಕೂಗಿ. ಗಂಡ ಕೊಚ್ಚಿಕೊಂಡು ಹೋಗುತ್ತಿದ್ದಾನೆ ಅಂತ ಹೆಂಡತಿ, ಹೆಂಡತಿ ಹೋಗುತ್ತಿದ್ದಾಳೆ ಅಂತ ಗಂಡ ಹಾರಿ ಇಬ್ಬರೂ ಹೋದ ಸುದ್ದಿ ಓದಿದಾಗ ಎದೆ ಹಿಂಡುತ್ತದೆ. ಖಾಲಿ ಕೊಡ, ಟ್ಯೂಬು, ಹಗ್ಗ, ಏನಾದರೂ ತೇಲುವುದು ಎಸೆಯಿರಿ, ಜೀವರಕ್ಷಕರನ್ನು ಕರೆಯಿರಿ.

ಮೀಸಲು ದಿನ ಉಳಿದು ಗೋಕರ್ಣದ ಕಡೆ ಬಂದರೆ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲೆ ನಡೆದು ಹೋಗಬಹುದು. ಅಲ್ಲಿಂದ ಹಾಫ್ ಮೂನ್ ಕಡೆಯ ಕಾಲುದಾರಿ ಬಂಡೆಯ ಅಂಚಿನಲ್ಲಿದೆ. ಹೊತ್ತು ಮುಳುಗುವ ಮುಂಚೆ ವಾಪಸ್ ಆಗುವ ಹಾಗೆ ಹೊರಡಿ. ಗದ್ದಲ ಬೇಡದವರಿಗೆ ಹೊನ್ನಾವರದ ಕಾಸರಕೋಡಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್, ಉಪ್ಪುನೀರಿನಲ್ಲಿ ಬೆಳೆಯುವ ಮರ) ಕಾಡಿನ ನಡುವೆ ಮರದ ಹಲಗೆಯ ನಡಿಗೆ ದಾರಿ ಇದೆ. ನನಗಂತೂ ಇಡೀ ಕರಾವಳಿಯಲ್ಲಿ ಬಹಳ ಇಷ್ಟವಾದ ಒಂದು ತಾಸು ಅಲ್ಲೇ ಕಳೆದದ್ದು.

ಹಂತ 10: ವಾಪಸ್, ಸ್ಕೂಬಾ ಮಾಡಿದವರಿಗೆ ಮುಖ್ಯ

ನೇತ್ರಾಣಿಯಲ್ಲಿ ಸ್ಕೂಬಾ ಮಾಡಿ ಅದೇ ಸಂಜೆ ಹುಬ್ಬಳ್ಳಿಗೆ ಹೊರಡುವವರು ಬಹಳ ಜನ. ಇದು ಬೇಡ. ನೀರಿನ ಕೆಳಗೆ ಒತ್ತಡಕ್ಕೆ ನೈಟ್ರೋಜನ್ ಮೈಯಲ್ಲಿ ಕರಗಿರುತ್ತದೆ, ಅದು ನಿಧಾನವಾಗಿ ಹೊರಗೆ ಹೋಗಬೇಕು. ಬೇಗ ಎತ್ತರಕ್ಕೆ ಹೋದರೆ ಗುಳ್ಳೆ ಆಗುವ ಅಪಾಯ ಇದೆ. ಒಂದು ಡೈವ್ ಆದ ಮೇಲೆ ವಿಮಾನ ಹತ್ತಲು ಕನಿಷ್ಠ 12 ತಾಸು ಬಿಡಿ ಅನ್ನುತ್ತಾರೆ. ನಮ್ಮ ಹುಬ್ಬಳ್ಳಿ-ಧಾರವಾಡ ಸಮುದ್ರ ಮಟ್ಟದಿಂದ 600 ಮೀಟರಿಗಿಂತ ಮೇಲಿದೆ. ಮೊದಲ ಸಲದವರನ್ನು ಜಾಸ್ತಿ ಆಳಕ್ಕೆ ಒಯ್ಯುವುದಿಲ್ಲ, ಅಪಾಯ ಕಡಿಮೆ, ನಿಜ. ಆದರೂ ಆ ರಾತ್ರಿ ಕೆಳಗೇ ಮಲಗಿ ಮರುದಿನ ಘಟ್ಟ ಹತ್ತಿ. ಡೈವ್ ಆದ ಮೇಲೆ ಕೀಲು ನೋವು, ಕೈಕಾಲು ಜೋಮು, ತಲೆ ಸುತ್ತು ಬಂದರೆ ದಣಿವು ಅಂತ ಸುಮ್ಮನಿರದೆ ಆಸ್ಪತ್ರೆಗೆ ಹೋಗಿ, ಸ್ಕೂಬಾ ಮಾಡಿದ್ದೆವು ಅಂತ ಮೊದಲೇ ಹೇಳಿ. ನೆಗಡಿ, ಕಿವಿ ಸೋರುವುದು, ದಮ್ಮು ಇರುವವರು ನೀರಿಗೆ ಇಳಿಯುವುದೇ ಬೇಡ.

ಹೊರಡುವ ಬೆಳಿಗ್ಗೆ ಚಪ್ಪಲಿ, ಫೋನ್ ಕವರ್, ಚೀಲದ ಜಿಪ್ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಹಾಗೇ ಬಿಟ್ಟರೆ ಧಾರವಾಡ ಮುಟ್ಟುವ ಹೊತ್ತಿಗೆ ಜಿಪ್ ಹಿಡಿದುಕೊಳ್ಳುತ್ತದೆ. ಆಮೇಲೆ ಮಧ್ಯಾಹ್ನಕ್ಕೆ ಮುಂಚೆ ಅಂಕೋಲಾ ಬಿಟ್ಟರೆ ಅರಬೈಲ್ ಘಟ್ಟ ಬೆಳಕಿನಲ್ಲೇ ಹತ್ತಬಹುದು, ಸಂಜೆಯ ಚಹಾ ಮನೆಯಲ್ಲಿ.